ಅಪ್ಪ ಅಮ್ಮನ ಜೊತೆ ಲೂಯಿವಿಲ್‌ಗೆ: ಬರ್ಬನ್ ಊರಿನಲ್ಲಿ ಕುಡಿಯದವರಿಗೆ ನೋಡಲು ಏನಿದೆ?

ತುಂಗಾತೀರ

ನಾವಿರುವುದು ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದಿದ್ದಾರೆ. ಸೆಪ್ಟೆಂಬರ್ ಆರಂಭದ ಲೇಬರ್ ಡೇ ರಜೆಗೆ ಅವರನ್ನು ಕೆಂಟುಕಿಯ ಲೂಯಿವಿಲ್‌ಗೆ ಕಾರಿನಲ್ಲಿ ಕರೆದುಕೊಂಡು ಹೋಗುವ ಆಲೋಚನೆ. ಯಾರನ್ನು ಕೇಳಿದರೂ ವಿಸ್ಕಿ ತಯಾರಿಸುವ ಡಿಸ್ಟಿಲರಿಗಳ ಹೆಸರುಗಳನ್ನೇ ಒಂದರ ಮೇಲೊಂದು ಹೇಳುತ್ತಾರೆ. ನನ್ನ ಪತಿಗೆ ಬರ್ಬನ್ ಎಂಬ ಅಲ್ಲಿನ ವಿಸ್ಕಿಯ ರುಚಿ ನೋಡುವ ಆಸೆಯಿದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಪ್ಪ ಅಮ್ಮ ಇಬ್ಬರೂ ಕುಡಿಯುವವರಲ್ಲ. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಒಂದು ಯಂತ್ರ ಕಂಡರೆ ಅದು ಹೇಗೆ ನಡೆಯುತ್ತದೆಂದು ತಿಳಿಯುವವರೆಗೆ ಅಲ್ಲಿಂದ ಕದಲುವುದಿಲ್ಲ. ಅಮ್ಮನಿಗೆ ಮೊಣಕಾಲು ನೋವು, ಮೊಟ್ಟೆಯನ್ನೂ ತಿನ್ನುವುದಿಲ್ಲ. ವಿಸ್ಕಿಗೆ ಹೆಸರಾದ ಊರಿಗೆ ಇಂಥವರನ್ನು ಕರೆದೊಯ್ದರೆ ಅವರು ಏನು ನೋಡಬಹುದು? ಅಲ್ಲಿ ಇರುವವರು, ಹೋಗಿ ಬಂದವರು ದಯವಿಟ್ಟು ಹೇಳಿ.

ನಾಲ್ಕನೇ ಬೀದಿ

ನಾನು ಇದೇ ಊರಿನವನಾಗಿ ಬಹಳ ಕಾಲವಾಯಿತು. ಧೈರ್ಯವಾಗಿ ಕರೆತನ್ನಿ. ಒಂದೇ ಮಾತು: ಮೊದಲು ನದಿ ತೋರಿಸಿ, ಆಮೇಲೆ ವಿಸ್ಕಿ.

ಓಹಾಯೊ ನದಿ ಸುಮಾರು 1,580 ಕಿಲೋಮೀಟರ್ ಹರಿಯುತ್ತದೆ. ಅಷ್ಟು ಉದ್ದದಲ್ಲಿ ದೋಣಿಗಳನ್ನು ತಡೆಯುವ ಸಹಜ ಅಡ್ಡಿ ಇದ್ದದ್ದು ಇಲ್ಲಿ ಮಾತ್ರ. ಸುಣ್ಣಕಲ್ಲಿನ ಹಾಸಿನ ಮೇಲೆ ನೀರು ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ಎಂಟು ಮೀಟರಿನಷ್ಟು ಇಳಿಯುತ್ತಿತ್ತು. ದೋಣಿಯವರು ಸರಕನ್ನು ಇಳಿಸಿ, ದಡದ ಮೇಲೆ ಸಾಗಿಸಿ, ಕೆಳಗೆ ಮತ್ತೆ ಏರಿಸಬೇಕಿತ್ತು. ಹಾಗೆ ಸರಕು ಇಳಿಸಿದ ಜಾಗದಲ್ಲಿ ಗೋದಾಮು, ಛತ್ರ, ವ್ಯಾಪಾರಿಗಳು ಸೇರಿ ಊರಾಯಿತು. ಜಾರ್ಜ್ ರೋಜರ್ಸ್ ಕ್ಲಾರ್ಕ್ 1778ರಲ್ಲಿ ಇಲ್ಲಿ ನೆಲೆ ಹೂಡಿದ. ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಹೆಸರು ಊರಿಗೆ ಬಂತು. 1830ರಲ್ಲಿ ಕಾಲುವೆ ತೋಡಿದ ಮೇಲೆ ದೋಣಿಗಳು ನೇರವಾಗಿ ದಾಟತೊಡಗಿದವು. ಒಳನಾಡಿನ ರೈತರ ಮೆಕ್ಕೆಜೋಳ ವಿಸ್ಕಿಯಾಗಿ ಪೀಪಾಯಿ ತುಂಬಿ ಇದೇ ದಡದಿಂದ ನ್ಯೂ ಆರ್ಲಿಯನ್ಸ್ ಕಡೆಗೆ ಹೋಗುತ್ತಿತ್ತು. ಮೇನ್ ಸ್ಟ್ರೀಟಿನಲ್ಲಿ ಸಾಲಾಗಿ ನಿಂತಿರುವ ಎರಕದ ಕಬ್ಬಿಣದ ಮುಂಭಾಗದ ಹಳೆಯ ಕಟ್ಟಡಗಳಲ್ಲಿ ವಿಸ್ಕಿ ವ್ಯಾಪಾರಿಗಳ ಕಚೇರಿ, ಗೋದಾಮುಗಳಿದ್ದವು. ಅದಕ್ಕೇ ಆ ಭಾಗವನ್ನು ವಿಸ್ಕಿ ರೋ ಎನ್ನುತ್ತಾರೆ.

ಅದೇ ಬೀದಿಯಲ್ಲಿ, ಹೆಚ್ಚು ನಡೆಯದೆ ನೋಡಬಹುದಾದವು ಅನೇಕ. ಬೇಸ್‌ಬಾಲ್ ದಾಂಡು ತಯಾರಿಸುವ ಲೂಯಿವಿಲ್ ಸ್ಲಗರ್ ಕಾರ್ಖಾನೆಯ ಮುಂದೆ 120 ಅಡಿ ಎತ್ತರದ ಉಕ್ಕಿನ ದಾಂಡು ಗೋಡೆಗೆ ಒರಗಿ ನಿಂತಿದೆ. ಒಳಗೆ ಮರದ ತುಂಡು ಕಣ್ಣೆದುರೇ ದಾಂಡಾಗುತ್ತದೆ, ಹೊರಡುವಾಗ ಒಂದು ಪುಟ್ಟ ದಾಂಡು ಕೈಗೆ ಕೊಡುತ್ತಾರೆ. ನಿಮ್ಮ ತಂದೆಯವರಿಗೆ ಇಷ್ಟವಾಗದಿದ್ದರೆ ಕೇಳಿ. ಎರಡು ಹೆಜ್ಜೆ ಆಚೆಗೆ ಮುಹಮ್ಮದ್ ಅಲಿ ಸೆಂಟರ್. ಡಿಸ್ಟಿಲರಿ ಒಂದೇ ಸಾಕು, ಅದನ್ನು ನಿಧಾನವಾಗಿ ನೋಡಿ. ಓಲ್ಡ್ ಫಾರೆಸ್ಟರ್ ಇದೇ ಬೀದಿಯಲ್ಲಿದೆ, 2018ರಲ್ಲಿ ತೆರೆಯಿತು.

ಕೆಂಪುಮೇಣ

ಒಂದೇ ಸಾಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಊರೊಳಗಿನ ಡಿಸ್ಟಿಲರಿಗಳು ಪ್ರವಾಸಿಗರಿಗಾಗಿಯೇ ಸಜ್ಜಾದವು. ನಿಜವಾದ ಬರ್ಬನ್ ನಾಡು ಇರುವುದು ಹೊರಗೆ, ಹುಲ್ಲುಗಾವಲುಗಳ ನಡುವೆ. ದಕ್ಷಿಣಕ್ಕೆ ಒಂದು ಗಂಟೆ ಹೋದರೆ ಬಾರ್ಡ್ಸ್‌ಟೌನ್, ಇನ್ನೂ ಮುಂದೆ ಲೊರೆಟ್ಟೊ ಎಂಬ ಹಳ್ಳಿಯಲ್ಲಿ ಮೇಕರ್ಸ್ ಮಾರ್ಕ್. ಕಪ್ಪು ಗೋಡೆಯ, ಕೆಂಪು ಕಿಟಕಿಬಾಗಿಲುಗಳ ಆ ಹಳೆಯ ಕಟ್ಟಡಗಳನ್ನು ನೋಡಲೆಂದೇ ಹೋಗಬಹುದು. ಅವರು ರೈ ಧಾನ್ಯದ ಬದಲು ಗೋಧಿ ಹಾಕುತ್ತಾರೆ: ಮೆಕ್ಕೆಜೋಳ ಶೇ. 70, ಗೋಧಿ ಶೇ. 16, ಉಳಿದದ್ದು ಮೊಳಕೆ ಬರಿಸಿದ ಬಾರ್ಲಿ. ಬಾಟಲಿಯ ಕತ್ತನ್ನು ಕೆಂಪು ಮೇಣದಲ್ಲಿ ನೀವೇ ಅದ್ದಿ ತೆಗೆಯಬಹುದು. ಪೂರ್ವಕ್ಕೆ ಫ್ರಾಂಕ್‌ಫರ್ಟ್‌ನಲ್ಲಿ ಬಫಲೊ ಟ್ರೇಸ್ ಇದೆ. ಇಷ್ಟು ದೂರ ಬಂದು ಪಟ್ಟಣದ ಒಂದು ಬೀದಿ ನೋಡಿ ಹಿಂದಿರುಗುವುದು ನಷ್ಟ.

ನಾಲ್ಕನೇ ಬೀದಿ

ಕೆಂಪುಮೇಣ ಅವರೇ, ನೀವು ಹೇಳುವ ಜಾಗಗಳು ಚೆಂದವೇ. ಆದರೆ ಮೊಣಕಾಲು ನೋವಿನ ಹಿರಿಯರನ್ನು ಕಾರಿನಿಂದ ಇಳಿಸಿ ಹತ್ತಿಸಿ ದಿನವಿಡೀ ಸುತ್ತಿಸುವುದು ಬೇಡ ಎಂಬುದು ನನ್ನ ಮಾತು. ಜೊತೆಗೆ ಎರಡು ಮೂರು ಕಡೆ ರುಚಿ ನೋಡಿದವರು ಸ್ಟಿಯರಿಂಗ್ ಮುಟ್ಟಲೇಬಾರದು. ಇಲ್ಲಿ ರಕ್ತದಲ್ಲಿ ಆಲ್ಕೋಹಾಲ್ ಶೇ. 0.08 ಮುಟ್ಟಿದರೆ ಅಪರಾಧ, ತೆರೆದ ಬಾಟಲಿ ಕಾರಿನೊಳಗೆ ಇದ್ದರೂ ಅಪರಾಧ. ತುಂಗಾತೀರ ಅವರೇ, ನೀವೇ ಚಾಲಕಿಯಾಗುವುದಾದರೆ ಒಂದು ದಿನ ಬಾರ್ಡ್ಸ್‌ಟೌನ್ ಕಡೆ ಹೋಗಿ, ಬೇಡವೆನ್ನುವುದಿಲ್ಲ. ರಜಾದಿನದಲ್ಲಿ ಕೆಲವು ಕಡೆ ಬಾಗಿಲು ಹಾಕಿರುತ್ತಾರೆ, ತೆರೆದಿರುವಲ್ಲಿ ಜಾಗ ಬೇಗ ತುಂಬುತ್ತದೆ. ಮುಂಚೆಯೇ ಕಾಯ್ದಿರಿಸಿ.

ಮೈಸೂರು ರಸ್ತೆ

ನಾನು ಬೆಂಗಳೂರಿನಲ್ಲಿ ಇದೇ ಉದ್ಯಮದಲ್ಲಿ ಕೆಲಸ ಮಾಡುವವನು. ವಿಜ್ಞಾನದ ಮೇಷ್ಟ್ರು ಹೋಗುತ್ತಿದ್ದಾರೆಂದು ಓದಿ ಖುಷಿಯಾಯಿತು, ಅವರಿಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬರ್ಬನ್ ಎನ್ನಬೇಕಾದರೆ ಕಾನೂನು ಬಹಳ ಕಟ್ಟುನಿಟ್ಟು. ಅಮೆರಿಕದಲ್ಲೇ ತಯಾರಾಗಬೇಕು. ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು. ಭಟ್ಟಿ ಇಳಿಸುವಾಗ ಆಲ್ಕೋಹಾಲ್ ಶೇ. 80 ಮೀರಬಾರದು, ಪೀಪಾಯಿಗೆ ತುಂಬುವಾಗ ಶೇ. 62.5 ಮೀರಬಾರದು. ಬಣ್ಣವನ್ನಾಗಲೀ ಪರಿಮಳವನ್ನಾಗಲೀ ಸೇರಿಸುವಂತಿಲ್ಲ. ಭಟ್ಟಿಯಿಂದ ಇಳಿದಾಗ ಅದು ನೀರಿನಷ್ಟೇ ತಿಳಿ. ಆ ಕೆಂಗಂದು ಬಣ್ಣ, ವೆನಿಲಾದಂಥ ವಾಸನೆ ಎಲ್ಲವೂ ಮರದಿಂದ ಬಂದದ್ದು. ಓಕ್ ಮರದ ಹೊಸ ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟು ಇದ್ದಿಲಾಗಿಸುತ್ತಾರೆ. ಬೇಸಿಗೆಯ ಸೆಖೆಗೆ ದ್ರವ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗಾಲದಲ್ಲಿ ಕುಗ್ಗಿ ಹೊರಬರುತ್ತದೆ. ಕೆಂಟುಕಿಯ ಹವೆ ಎರಡು ತುದಿಗೂ ಹೋಗುವುದರಿಂದ ಈ ಓಡಾಟ ಜೋರು.

ನೀರಿನ ವಿಷಯವನ್ನೂ ಮೇಷ್ಟ್ರಿಗೆ ಹೇಳಿ. ಅಲ್ಲಿನ ನೆಲದಡಿಯ ಸುಣ್ಣಕಲ್ಲಿನ ಪದರ ನೀರಿನಿಂದ ಕಬ್ಬಿಣಾಂಶವನ್ನು ತಡೆದು ಕ್ಯಾಲ್ಸಿಯಂ ಕೊಡುತ್ತದೆ. ಕಬ್ಬಿಣ ಇದ್ದರೆ ವಿಸ್ಕಿ ಕಪ್ಪಾಗಿ ರುಚಿ ಕೆಡುತ್ತದೆ. ಕ್ಯಾಲ್ಸಿಯಂ ಯೀಸ್ಟಿನ ಕೆಲಸಕ್ಕೆ ಒಳ್ಳೆಯದು. ಗೋದಾಮುಗಳ ಸುತ್ತ ಮರಗಳ ಕಾಂಡ, ಗೋಡೆ, ಬೇಲಿ ಎಲ್ಲ ಮಸಿ ಬಳಿದಂತೆ ಕಪ್ಪಗಿರುವುದನ್ನು ಅವರು ಕಂಡೇ ಕಾಣುತ್ತಾರೆ. ಪೀಪಾಯಿಯಿಂದ ಆರಿಹೋಗುವ ಆಲ್ಕೋಹಾಲ್ ಆವಿಯನ್ನು ತಿಂದು ಬೆಳೆಯುವ ಶಿಲೀಂಧ್ರ ಅದು, ಬಾಡೋಯಿನಿಯಾ ಎಂದು ಹೆಸರು.

ಇನ್ನೊಂದು ಮಾತು ನಮ್ಮೂರಿಗೆ ಸಂಬಂಧಿಸಿದ್ದು. ಬರ್ಬನ್‌ಗೆ ಪ್ರತಿ ಸಲ ಹೊಸ ಪೀಪಾಯಿಯೇ ಬೇಕಾದ್ದರಿಂದ ಒಮ್ಮೆ ಬಳಸಿದ ಲಕ್ಷಾಂತರ ಪೀಪಾಯಿಗಳು ಮಾರಾಟವಾಗುತ್ತವೆ. ಹೆಚ್ಚಿನವು ಸ್ಕಾಟ್ಲೆಂಡಿಗೆ, ಒಂದಿಷ್ಟು ಬೆಂಗಳೂರಿಗೂ. ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಡಿಸ್ಟಿಲರಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಗ್ಲಾಸ್ಗೋದಲ್ಲಿ ಮೊದಲು ಮಾರಾಟಕ್ಕಿಟ್ಟಿತು. ಅದು ಮಾಗುವುದಕ್ಕೆ ಬರ್ಬನ್ ಪೀಪಾಯಿಗಳೂ ಬೇಕು. ಆವಿಯಾಗಿ ಹೋಗುವ ಅಂಶವನ್ನು ದೇವದೂತರ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ. 2ರಷ್ಟು, ಕೆಂಟುಕಿಯಲ್ಲಿ ಶೇ. 4ರ ಆಸುಪಾಸು, ಬೆಂಗಳೂರಿನಲ್ಲಿ ಶೇ. 10 ದಾಟುತ್ತದೆ. ಅದಕ್ಕೇ ನಮ್ಮಲ್ಲಿ ನಾಲ್ಕೈದು ವರ್ಷಕ್ಕೇ ಮಾಗಿದ ಗುಣ ಬಂದುಬಿಡುತ್ತದೆ. ನಮ್ಮ ಕೈಯಲ್ಲಿ ಎರಡನೇ ಬಾಳ್ವೆ ಕಾಣುವ ಪೀಪಾಯಿ ಹುಟ್ಟುವ ಜಾಗವನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಲೂಯಿವಿಲ್ ನಗರದ ದೊಡ್ಡ ಪೀಪಾಯಿ ಕಾರ್ಖಾನೆಯನ್ನು ಅದರ ಒಡೆಯರಾದ ಬ್ರೌನ್-ಫೋರ್ಮನ್ ಕಂಪನಿ 2025ರಲ್ಲಿ ಮುಚ್ಚಿತು. ತಲೆಮಾರುಗಳ ಕೈಕಸುಬು ಕಂಡ ಜಾಗ ಅದು. ಸುದ್ದಿ ಓದಿದಾಗ ಸಂಕಟವಾಯಿತು.

ಬೆಳ್ಳಿಚುಕ್ಕಿ

ನನ್ನ ಮಾತು ಕಹಿ ಎನಿಸಬಹುದು, ಆದರೂ ಹೇಳುತ್ತೇನೆ. ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಸಾರಾಯಿಯಿಂದ ಮನೆಗಳು ಮುರಿದದ್ದನ್ನು ನೋಡುತ್ತಾ ಬೆಳೆದವಳು ನಾನು. ಹೆಂಗಸರು ಅಂಗಡಿಗಳ ಮುಂದೆ ಕೂತು ಬಾಗಿಲು ಹಾಕಿಸಿದ್ದನ್ನೂ ನೋಡಿದ್ದೇನೆ. ಇಲ್ಲಿ ಎಲ್ಲರೂ ಪೀಪಾಯಿ, ಪರಿಮಳ, ಪರಂಪರೆ ಎನ್ನುತ್ತಿದ್ದೀರಿ. ಕುಡಿತವನ್ನು ಪ್ರವಾಸಿ ಆಕರ್ಷಣೆಯನ್ನಾಗಿ ಮಾಡಿದ ಊರಿನಲ್ಲಿ ಅದರ ಇನ್ನೊಂದು ಮುಖ ಎಲ್ಲಾದರೂ ಕಾಣುತ್ತದೆಯೇ?

ಹೊಳೆಯಾಚೆ

ಬೆಳ್ಳಿಚುಕ್ಕಿ ಅವರೇ, ಕೇಳಬೇಕಾದ ಪ್ರಶ್ನೆ ಕೇಳಿದ್ದೀರಿ. ಕೈಯಲ್ಲಿ ಕೊಡಲಿ ಹಿಡಿದು ಕ್ಯಾನ್ಸಸ್‌ನ ಹೆಂಡದಂಗಡಿಗಳನ್ನು ಒಡೆಯುತ್ತಿದ್ದ ಕ್ಯಾರಿ ನೇಷನ್ ಹುಟ್ಟಿದ್ದು ಇದೇ ಕೆಂಟುಕಿಯಲ್ಲಿ, 1846ರಲ್ಲಿ. ಮೊದಲ ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಹೆಣ್ಣುಮಗಳು ಆಕೆ. 1920ರಿಂದ 1933ರವರೆಗೆ ದೇಶಕ್ಕೆ ದೇಶವೇ ಪಾನನಿಷೇಧದಲ್ಲಿತ್ತು. ಕೆಲವೇ ಕಂಪನಿಗಳಿಗೆ ವೈದ್ಯರ ಚೀಟಿಯ ಮೇಲೆ ಔಷಧವಾಗಿ ವಿಸ್ಕಿ ಮಾರಲು ಪರವಾನಗಿ ಇತ್ತು. ಉಳಿದ ಭಟ್ಟಿಗಳು ಆರಿದವು. ಇಂದಿಗೂ ಕೆಂಟುಕಿಯಲ್ಲಿ ಮದ್ಯ ಮಾರದ ಕೌಂಟಿಗಳಿವೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ವಿಭಾಗ). ನೆರೆಯ ಟೆನೆಸಿಯಲ್ಲಿ ಜ್ಯಾಕ್ ಡೇನಿಯಲ್ಸ್ ವಿಸ್ಕಿ ತಯಾರಾಗುವ ಲಿಂಚ್‌ಬರ್ಗ್ ಇರುವುದೂ ಅಂಥದೇ ಕೌಂಟಿಯಲ್ಲಿ.

ಇನ್ನೊಂದು ಮುಖವೂ ಇದೆ, ಅದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಅಂತರ್ಯುದ್ಧಕ್ಕೆ ಮುಂಚಿನ ಕೆಂಟುಕಿ ಗುಲಾಮಗಿರಿಯ ರಾಜ್ಯ. ಭಟ್ಟಿಗಳಲ್ಲಿ ಸೌದೆ ಒಟ್ಟಿದವರು, ಧಾನ್ಯ ಬೀಸಿದವರು, ಎಷ್ಟೋ ಕಡೆ ಭಟ್ಟಿಯನ್ನೇ ನಡೆಸಿದವರು ಗುಲಾಮರು. ಆ ವಿಸ್ಕಿಗೆ ಹೆಸರು ಕೊಟ್ಟ ಜ್ಯಾಕ್ ಡೇನಿಯಲ್‌ಗೆ ವಿಸ್ಕಿ ಇಳಿಸುವುದನ್ನು ಕಲಿಸಿದ ನಿಯರೆಸ್ಟ್ ಗ್ರೀನ್ ಗುಲಾಮನಾಗಿದ್ದವನು. ಅವನ ಹೆಸರು ಲೋಕಕ್ಕೆ ತಿಳಿದದ್ದು ಈಚೆಗೆ. ಲೂಯಿವಿಲ್‌ನ ದಡದಲ್ಲಿ ನಿಂತು ಆಚೆ ನೋಡಿದರೆ ಇಂಡಿಯಾನಾ ಕಾಣುತ್ತದೆ. ಅದು ಗುಲಾಮಗಿರಿ ಇಲ್ಲದ ರಾಜ್ಯವಾಗಿತ್ತು. ರಾತ್ರಿ ಈ ಹೊಳೆ ದಾಟಲು ಪ್ರಾಣ ಪಣಕ್ಕಿಟ್ಟವರಿದ್ದರು, ಇದೇ ದಡದಿಂದ ಕೆಳಗಿನ ಹತ್ತಿಯ ತೋಟಗಳಿಗೆ ಮಾರಾಟವಾಗಿ ಹೋದವರೂ ಇದ್ದರು. 1803ರಲ್ಲಿ ಅನ್ವೇಷಕರಾದ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್ (ಇಲ್ಲಿ ನೆಲೆ ಹೂಡಿದ ಜಾರ್ಜ್ ಕ್ಲಾರ್ಕ್‌ನ ತಮ್ಮ) ಪಶ್ಚಿಮದ ಕಡೆ ಹೊರಟದ್ದು ಇಲ್ಲಿಂದಲೇ. ಅವರ ಜೊತೆ ಪೆಸಿಫಿಕ್ ಸಾಗರದವರೆಗೆ ಹೋಗಿ ಬಂದ ಯಾರ್ಕ್, ಕ್ಲಾರ್ಕನ ಗುಲಾಮ. ಪಯಣ ಮುಗಿದು ಉಳಿದವರಿಗೆ ಜಮೀನು, ಸಂಬಳ ಸಿಕ್ಕಿತು, ಅವನಿಗೆ ಬಿಡುಗಡೆಯೂ ಸಿಗಲಿಲ್ಲ. ನಗರ 2003ರಲ್ಲಿ ಅವನ ಪ್ರತಿಮೆ ನಿಲ್ಲಿಸಿತು.

ಮಕ್ಕಳನ್ನು, ಹಿರಿಯರನ್ನು ಇಲ್ಲಿಗೆ ಕರೆತಂದವರು ಇದನ್ನೂ ಹೇಳಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಬೆಳ್ಳಿಚುಕ್ಕಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆ. ಕ್ಯಾರಿ ನೇಷನ್ ಕೆಂಟುಕಿಯವಳೆಂದು ಗೊತ್ತಿರಲಿಲ್ಲ.

ತುಂಗಾತೀರ

ಎಲ್ಲ ಉತ್ತರಗಳನ್ನೂ ಅಪ್ಪನಿಗೆ ಓದಿ ಹೇಳಿದೆ. ಕಪ್ಪು ಶಿಲೀಂಧ್ರದ ವಿಷಯ ಕೇಳಿ ಅವರು ಆಗಲೇ ಭೂತಗನ್ನಡಿ ಹುಡುಕಲು ಶುರುಮಾಡಿದ್ದಾರೆ. ಆದರೆ ಅವರು ಎದ್ದು ಕೂತದ್ದು ಮುಹಮ್ಮದ್ ಅಲಿ ಹೆಸರಿಗೆ. 1980ರಲ್ಲಿ ಅಲಿ ಮದ್ರಾಸಿಗೆ ಬಂದಾಗ ಹೋಗಲು ಹಣವಿರಲಿಲ್ಲ, ಪತ್ರಿಕೆಯ ಚಿತ್ರ ಕತ್ತರಿಸಿ ಇಟ್ಟುಕೊಂಡಿದ್ದರಂತೆ. ಅಲಿ ಹುಟ್ಟಿದ ಊರು ಲೂಯಿವಿಲ್ ಎಂಬುದು ನನಗೆ ಹೊಳೆದೇ ಇರಲಿಲ್ಲ. ಆ ಸೆಂಟರ್ ಹೇಗಿದೆ? ಹಿರಿಯರಿಗೆ ನೋಡಲು ಕಷ್ಟವೇ?

ನಾಲ್ಕನೇ ಬೀದಿ

ಕಷ್ಟವಿಲ್ಲ, ಲಿಫ್ಟ್ ಇದೆ, ಕೂರಲು ಜಾಗ ಇದೆ. ಬೆಳಗಿನ ಹೊತ್ತನ್ನು ಪೂರ್ತಿ ಅದಕ್ಕೇ ಇಡಿ.

ಅಲಿ 1942ರಲ್ಲಿ ಇಲ್ಲಿ ಹುಟ್ಟಿದ. ಹನ್ನೆರಡನೇ ವಯಸ್ಸಿನಲ್ಲಿ ಅವನ ಸೈಕಲ್ ಕಳುವಾಯಿತು. ಕದ್ದವನನ್ನು ಹಿಡಿದು ಹೊಡೆಯುತ್ತೇನೆಂದು ಅಳುತ್ತಾ ದೂರು ಹೇಳಿದ್ದು ಜೋ ಮಾರ್ಟಿನ್ ಎಂಬ ಪೊಲೀಸನ ಬಳಿ. ಮಾರ್ಟಿನ್ ಬಾಕ್ಸಿಂಗ್ ತರಬೇತುದಾರನೂ ಆಗಿದ್ದ. ಹೊಡೆಯುವ ಮೊದಲು ಹೊಡೆಯುವುದನ್ನು ಕಲಿ ಎಂದ. ಆರು ವರ್ಷಗಳ ನಂತರ, 1960ರಲ್ಲಿ, ರೋಮ್ ಒಲಿಂಪಿಕ್ಸ್‌ನ ಚಿನ್ನದ ಪದಕ. ಆ ಪದಕ ಧರಿಸಿ ಊರಿಗೆ ಮರಳಿದಾಗಲೂ ಇಲ್ಲಿನ ಎಷ್ಟೋ ಹೋಟೆಲುಗಳಲ್ಲಿ ಕರಿಯರಿಗೆ ಊಟ ಬಡಿಸುತ್ತಿರಲಿಲ್ಲ. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಸೇರಲು ನಿರಾಕರಿಸಿ ಪಟ್ಟ ಕಳೆದುಕೊಂಡ. 1971ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವನ ಪರ ತೀರ್ಪು ಕೊಟ್ಟಿತು. 2005ರಲ್ಲಿ ತೆರೆದ ಸೆಂಟರ್‌ನಲ್ಲಿ ಇದೆಲ್ಲವೂ ಇದೆ, ಗೆಲುವುಗಳಿಗಿಂತ ಈ ನಿಲುವುಗಳಿಗೇ ಹೆಚ್ಚು ಜಾಗ.

ಆಮೇಲೆ ಕೇವ್ ಹಿಲ್ ಸ್ಮಶಾನಕ್ಕೆ ಹೋಗಿ. ಹೆಸರಿಗೆ ಸ್ಮಶಾನ, ನೋಡಿದರೆ ಹಳೆಯ ಮರಗಳ ತೋಪು. 2016ರ ಜೂನ್‌ನಲ್ಲಿ ಅಲಿಯ ಶವಯಾತ್ರೆ ಹೊರಟಾಗ ಇಡೀ ನಗರ ರಸ್ತೆಯ ಇಕ್ಕೆಲದಲ್ಲಿ ನಿಂತು ಹೂವೆಸೆದಿತ್ತು. ಸಮಾಧಿಯ ಹತ್ತಿರದವರೆಗೆ ಕಾರು ಹೋಗುತ್ತದೆ, ಅಮ್ಮನಿಗೆ ನಡೆಯುವ ಕಷ್ಟ ಇಲ್ಲ. ಇತರರಿಗೆ ಮಾಡುವ ಸೇವೆಯೇ ಸ್ವರ್ಗದಲ್ಲಿ ನಿನಗೆ ಸಿಗುವ ಕೋಣೆಗೆ ಕೊಡುವ ಬಾಡಿಗೆ ಎಂಬರ್ಥದ ಮಾತನ್ನು ಅಲ್ಲಿ ಕೆತ್ತಿದ್ದಾರೆ. ಸಂಜೆ ಐದಕ್ಕೆ ಮೊದಲೇ ಗೇಟು ಮುಚ್ಚುತ್ತಾರೆ.

ಮಲ್ಲಿಗೆದಂಡೆ

ಊಟದ ವಿಷಯ ನಾನು ಹೇಳುತ್ತೇನೆ, ಅಮ್ಮಂದಿರನ್ನು ಕರೆದೊಯ್ದವರಿಗೆ ಅದೇ ದೊಡ್ಡ ಚಿಂತೆ. ಊರಿನ ಹೆಸರುವಾಸಿ ತಿನಿಸು ಹಾಟ್ ಬ್ರೌನ್. ಬ್ರೌನ್ ಹೋಟೆಲಿನಲ್ಲಿ 1926ರಲ್ಲಿ ಹುಟ್ಟಿದ್ದು. ಟರ್ಕಿ ಕೋಳಿ, ಹಂದಿಮಾಂಸ ಇರುವುದರಿಂದ ಅದನ್ನು ಬಿಟ್ಟುಬಿಡಿ. ಕೇಳಬೇಕಾದದ್ದು ಬೆನೆಡಿಕ್ಟೈನ್ ಸ್ಯಾಂಡ್‌ವಿಚ್. ಜೆನ್ನಿ ಬೆನೆಡಿಕ್ಟ್ ಎಂಬಾಕೆ ಇದೇ ಊರಿನಲ್ಲಿ ಮಾಡಿದ್ದು: ಸೌತೆಕಾಯಿ, ಈರುಳ್ಳಿ ರಸ, ಕ್ರೀಮ್ ಚೀಸ್. ಕೆಲವು ಕಡೆ ಮೇಯನೇಸ್ ಬೆರೆಸುತ್ತಾರೆ, ಅದರಲ್ಲಿ ಮೊಟ್ಟೆ ಇರುತ್ತದೆ, ಕೇಳಿಯೇ ತೆಗೆದುಕೊಳ್ಳಿ. ಗ್ರಿಟ್ಸ್ ಎಂದರೆ ಮೆಕ್ಕೆಜೋಳದ ನುಚ್ಚಿನ ಗಂಜಿ, ಮಾಂಸದ ಸಾರು ಹಾಕದೆ ಬೇಯಿಸಿದ್ದಾದರೆ ಅಮ್ಮನಿಗೆ ಹಿಡಿಸುತ್ತದೆ.

ಸಿಹಿಯಲ್ಲಿ ಎಚ್ಚರ. ಡರ್ಬಿ ಪೈನಲ್ಲಿ ಮೊಟ್ಟೆ ಇದೆ. ಮೊಡ್ಜೆಸ್ಕಾ ಎಂಬ ಕ್ಯಾರಮೆಲ್ ಮಿಠಾಯಿಯೊಳಗೆ ಮಾರ್ಷ್‌ಮ್ಯಾಲೊ, ಅದಕ್ಕೆ ಪ್ರಾಣಿಜನ್ಯ ಜೆಲಾಟಿನ್ ಹಾಕುತ್ತಾರೆ. ಬರ್ಬನ್ ಬಾಲ್ ಎಂಬ ಚಾಕೊಲೇಟ್ ಉಂಡೆಯಲ್ಲಿ ನಿಜವಾದ ಬರ್ಬನ್ನೇ ಇರುತ್ತದೆ. ಡಿಸ್ಟಿಲರಿ ಭೇಟಿಯ ಕೊನೆಗೆ ಅದನ್ನು ತಟ್ಟೆಯಲ್ಲಿಟ್ಟು ಕೊಡುವುದುಂಟು, ಅಪ್ಪ ಅಮ್ಮನಿಗೆ ಮೊದಲೇ ತಿಳಿಸಿಡಿ. ಊರಿನಲ್ಲಿ ಭಾರತೀಯ ಹೋಟೆಲುಗಳಿವೆ. ಕೆಂಟುಕಿ ಹಿಂದೂ ದೇವಾಲಯವೂ ಲೂಯಿವಿಲ್‌ನಲ್ಲೇ ಇದೆ, ಅಮ್ಮನನ್ನು ಒಂದು ಸಂಜೆ ಅಲ್ಲಿಗೆ ಕರೆದುಕೊಂಡು ಹೋಗಿ.

ಶಿಲಾಬಾಲೆ

ನೀವು ಹೋಗುತ್ತಿರುವ ಕಾಲ ತುಂಬಾ ಒಳ್ಳೆಯದು ಎಂದು ಯಾರೂ ಹೇಳಲಿಲ್ಲವಲ್ಲ! ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನದಿಯ ನೀರು ಇಳಿದು, ದೋಣಿಗಳನ್ನು ತಡೆಯುತ್ತಿದ್ದ ಆ ಸುಣ್ಣಕಲ್ಲಿನ ಜಾಗದಲ್ಲಿ, ಫಾಲ್ಸ್ ಆಫ್ ದಿ ಓಹಾಯೊದ ಪಳೆಯುಳಿಕೆ ಹಾಸು ತೆರೆದುಕೊಳ್ಳುತ್ತದೆ. ಸೇತುವೆ ದಾಟಿ ಇಂಡಿಯಾನಾದ ಕ್ಲಾರ್ಕ್ಸ್‌ವಿಲ್ ಕಡೆಯಿಂದ ಇಳಿಯಬೇಕು. ಸುಮಾರು 39 ಕೋಟಿ ವರ್ಷಗಳ ಹಿಂದೆ, ಡೆವೋನಿಯನ್ ಯುಗದಲ್ಲಿ, ಈ ಜಾಗ ಬೆಚ್ಚಗಿನ ಆಳವಿಲ್ಲದ ಕಡಲು. ಹವಳಗಳು ಬೆಳೆದ ಜಾಗದಲ್ಲೇ ಕಲ್ಲಾಗಿ ಉಳಿದಿವೆ. ಕೊಂಬಿನಾಕಾರದವು, ಜೇನುಗೂಡಿನಂಥವು, ನಿಮ್ಮ ಕಾಲಡಿಯಲ್ಲೇ. ವಿಸ್ಕಿಗೆ ನೀರು ಸೋಸಿಕೊಡುವ ಸುಣ್ಣಕಲ್ಲು ಇಂಥ ಕಡಲುಗಳ ಚಿಪ್ಪು, ಹವಳಗಳಿಂದಲೇ ಆದದ್ದು ಎಂದು ಮೇಷ್ಟ್ರಿಗೆ ಹೇಳಿದರೆ ಸಾಕು, ಉಳಿದದ್ದನ್ನು ಅವರೇ ನಿಮಗೆ ಪಾಠ ಮಾಡುತ್ತಾರೆ. ಒಂದು ಚೂರನ್ನೂ ಎತ್ತಿಕೊಳ್ಳುವಂತಿಲ್ಲ. ಕಲ್ಲು ಜಾರುತ್ತದೆ, ಹಿಡಿತವಿರುವ ಬೂಟು ಬೇಕು. ಅಮ್ಮ ಮೇಲಿನ ವಸ್ತುಸಂಗ್ರಹಾಲಯದಲ್ಲೇ ಕೂತು ಕಿಟಕಿಯಿಂದ ನದಿ ನೋಡಬಹುದು.

ಕುದುರೆಬಾಲ

ಕುದುರೆ ಓಟದ ಮೈದಾನ ಚರ್ಚಿಲ್ ಡೌನ್ಸ್ ಬಿಟ್ಟು ಲೂಯಿವಿಲ್ ಇಲ್ಲ. ಅಲ್ಲಿನ ಹೆಸರಾಂತ ಓಟವಾದ ಡರ್ಬಿ ನಡೆಯುವುದು ಮೇ ತಿಂಗಳ ಮೊದಲ ಶನಿವಾರ, 1875ರಿಂದ ಒಂದು ವರ್ಷವೂ ತಪ್ಪಿಲ್ಲ. ಸೆಪ್ಟೆಂಬರ್‌ನಲ್ಲಿ ಹೋದವರಿಗೆ ಪಕ್ಕದ ಡರ್ಬಿ ಮ್ಯೂಸಿಯಂ ಇದೆ. ಸುಮಾರು ಎರಡು ಕಿಲೋಮೀಟರಿನ ಓಟ, ಎರಡು ನಿಮಿಷದಲ್ಲಿ ಮುಗಿಯುತ್ತದೆ. 1973ರಲ್ಲಿ ಸೆಕ್ರೆಟೇರಿಯಟ್ ಎಂಬ ಕುದುರೆ ಮಾಡಿದ ದಾಖಲೆ ಇನ್ನೂ ಮುರಿದಿಲ್ಲ. ಹೊಳೆಯಾಚೆ ಅವರ ಮಾತಿಗೆ ಸೇರಿಸುತ್ತೇನೆ: ಮೊದಲ ಡರ್ಬಿ ಗೆದ್ದ ಸವಾರ ಆಲಿವರ್ ಲೂಯಿಸ್ ಕಪ್ಪು ಜನಾಂಗದವನು. ಮೊದಲ 28 ಡರ್ಬಿಗಳಲ್ಲಿ 15ನ್ನು ಗೆದ್ದವರು ಕರಿಯ ಸವಾರರು. ಐಸಾಕ್ ಮರ್ಫಿ ಒಬ್ಬನೇ ಮೂರು ಸಲ ಗೆದ್ದ. ಇಪ್ಪತ್ತನೇ ಶತಮಾನ ಕಾಲಿಟ್ಟ ಮೇಲೆ ಅವರನ್ನು ಕಣದಿಂದಲೇ ಹೊರದಬ್ಬಿದರು. ಮ್ಯೂಸಿಯಂನಲ್ಲಿ ಅವರ ಕಥೆ ಇದೆ, ಹುಡುಕಿ ನೋಡಿ.

ತುಂಗಾತೀರ

ಇನ್ನೆರಡು ಸಂದೇಹ. ಮ್ಯಾಮತ್ ಗುಹೆ ಹತ್ತಿರವೆಂದು ಕೇಳಿದೆ, ಹೋಗಬಹುದೇ? ಪತಿ ಊರಿಗೆ ಹೋಗುವಾಗ ಬಾಟಲಿ ಒಯ್ಯಬೇಕೆನ್ನುತ್ತಾರೆ, ನಿಯಮ ಏನು?

ಕೆಂಪುಮೇಣ

ಗುಹೆ ಒಂದೂವರೆ ಗಂಟೆಯ ದಾರಿ. 675 ಕಿಲೋಮೀಟರಿಗೂ ಹೆಚ್ಚು ಉದ್ದವನ್ನು ಅಳೆದಿದ್ದಾರೆ, ಜಗತ್ತಿನಲ್ಲಿ ಅಷ್ಟು ಉದ್ದದ ಗುಹೆ ಬೇರೆ ಇಲ್ಲ. ಹೆಚ್ಚಿನ ಮಾರ್ಗಗಳಲ್ಲಿ ಮೆಟ್ಟಿಲು ಬಹಳ. ನಿಮ್ಮ ತಾಯಿಯವರಿಗೆ ಬೇಡ. ಅಪ್ಪನೊಬ್ಬರೇ ಹೋಗುವುದಾದರೆ ಒಂದು ವಿಷಯ ನೆನಪಿರಲಿ: ಗುಹೆ ಇರುವುದು ಸೆಂಟ್ರಲ್ ಸಮಯ ವಲಯದಲ್ಲಿ, ಲೂಯಿವಿಲ್‌ಗಿಂತ ಗಡಿಯಾರ ಒಂದು ಗಂಟೆ ಹಿಂದೆ. ಹೋಗುವಾಗ ಗಂಟೆ ಸಿಗುತ್ತದೆ, ಬರುವಾಗ ಹೋಗುತ್ತದೆ.

ಬಾಟಲಿ: ಭಾರತಕ್ಕೆ ಒಬ್ಬರು ಎರಡು ಲೀಟರ್‌ವರೆಗೆ ಸುಂಕವಿಲ್ಲದೆ ಒಯ್ಯಬಹುದು. ಚೆಕ್-ಇನ್ ಸಾಮಾನಿನಲ್ಲೇ, ಸೀಲ್ ಒಡೆಯದೆ, ಬಟ್ಟೆಯಲ್ಲಿ ಸುತ್ತಿಡಿ. ಶೇ. 70ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವುದನ್ನು ವಿಮಾನದಲ್ಲಿ ಬಿಡುವುದಿಲ್ಲ, ಪೀಪಾಯಿಯಿಂದ ನೇರವಾಗಿ ತುಂಬಿದ ಕೆಲವು ಬಾಟಲಿಗಳು ಅದರ ಹತ್ತಿರ ಹೋಗುತ್ತವೆ, ಚೀಟಿ ಓದಿ ಕೊಳ್ಳಿ. ಮಾರ್ಕ್ ನೋಡಿ ಕೊಳ್ಳುವುದಾದರೆ ‘ಬಾಟಲ್ಡ್ ಇನ್ ಬಾಂಡ್’ ಎಂದಿರುವುದನ್ನು ಹುಡುಕಿ. ಕಲಬೆರಕೆ ತಡೆಯಲು 1897ರಲ್ಲಿ ಬಂದ ಕಾನೂನು ಅದು: ಒಂದೇ ಡಿಸ್ಟಿಲರಿಯಲ್ಲಿ ಒಂದೇ ಹಂಗಾಮಿನಲ್ಲಿ ಇಳಿಸಿದ್ದು, ಕನಿಷ್ಠ ನಾಲ್ಕು ವರ್ಷ ಮಾಗಿದ್ದು, ಆಲ್ಕೋಹಾಲ್ ಸರಿಯಾಗಿ ಶೇ. 50. ಬೆಲೆಯೂ ಬಹಳವಿಲ್ಲ.

ತುಂಗಾತೀರ

ಮನೆಯಲ್ಲಿ ಕೂತು ಮಾತಾಡಿ ತೀರ್ಮಾನಿಸಿದೆವು. ಗುಹೆ ಬೇಡ, ಬಾರ್ಡ್ಸ್‌ಟೌನ್ ಬೇಡ. ಅಲಿ ಸೆಂಟರ್, ಕೇವ್ ಹಿಲ್, ಪಳೆಯುಳಿಕೆ ಹಾಸು, ಡರ್ಬಿ ಮ್ಯೂಸಿಯಂ, ಮೇನ್ ಸ್ಟ್ರೀಟಿನಲ್ಲಿ ಒಂದೇ ಡಿಸ್ಟಿಲರಿ. ಕಾರು ನಾನೇ ಓಡಿಸುತ್ತೇನೆ. ಅಮ್ಮನಿಗೆಂದೇ ಏನಾದರೂ ಇರಬೇಕೆಂಬ ಆಸೆ ಇನ್ನೂ ಉಳಿದಿದೆ.

ನಾಲ್ಕನೇ ಬೀದಿ

ಇದೆ. ಬೆಲ್ ಆಫ್ ಲೂಯಿವಿಲ್ ಎಂಬ ಹಬೆದೋಣಿ. 1914ರಲ್ಲಿ ಕಟ್ಟಿದ್ದು, ಹಿಂದೆ ದೊಡ್ಡ ಕೆಂಪು ಚಕ್ರ ನೀರು ಚಿಮ್ಮಿಸುತ್ತಾ ತಿರುಗುತ್ತದೆ. ಅಮ್ಮ ಕುರ್ಚಿಯಲ್ಲಿ ಕೂತು ಎರಡೂ ದಡ ನೋಡುತ್ತಾ ಹೋಗಬಹುದು. ಅಪ್ಪನವರು ಕೆಳಗೆ ಹಬೆಯಂತ್ರದ ಹತ್ತಿರ ನಿಲ್ಲಲಿ. ಸಂಜೆಯ ಪಯಣಕ್ಕಿಂತ ಹಗಲಿನದು ವಾಸಿ, ರಾತ್ರಿ ಊಟದ ಗದ್ದಲ ಇರುವುದಿಲ್ಲ. ರಜೆಯ ವಾರಾಂತ್ಯ ಟಿಕೆಟ್ ಬೇಗ ಮುಗಿಯುತ್ತದೆ, ಹೋಟೆಲಿಗಿಂತ ಮೊದಲು ಅದನ್ನೇ ತೆಗೆದುಕೊಳ್ಳಿ.